ಡೈರೆಕ್ಟಾ, ಸಪ್ಲೈಯಾ?

ಹುಡುಗನಿಗೆ ಗಲ್ಫಿನ ವೀಸಾ ಬಂತು ಎಂದರೆ ನಮ್ಮ ಮನೆಗಳ ಹಿರಿಯರು ಮೊದಲು ಕೇಳುತ್ತಿದ್ದದ್ದು ಸಂಬಳ ಎಷ್ಟು ಎಂದಲ್ಲ. "ಡೈರೆಕ್ಟಾ, ಸಪ್ಲೈಯಾ?" ಎಂದು. ಕಂಪೆನಿಯದ್ದೇ ವೀಸಾ ಆದರೆ ಒಂದು ಲೆಕ್ಕ. ಆಳುಗಳನ್ನು ಕಂಪೆನಿಗೆ ಒದಗಿಸುವ ಸಪ್ಲೈಯವನ ವೀಸಾ ಆದರೆ ಇನ್ನೊಂದು ಲೆಕ್ಕ. ಜುಬೈಲಿನಲ್ಲೋ ಅಬುಧಾಬಿಯಲ್ಲೋ ಒಂದೇ ಗೇಟಿನಲ್ಲಿ ಒಳಗೆ ಹೋಗುವ ಇಬ್ಬರಲ್ಲಿ ಒಬ್ಬನಿಗೆ ಒಂದನೇ ತಾರೀಕಿಗೆ ಸಂಬಳ, ಇನ್ನೊಬ್ಬನಿಗೆ "ಬರ್ತದೆ, ಬರ್ತದೆ" ಎಂಬ ಮಾತು. ಇದನ್ನು ಅನುಭವಿಸಿ ಬಂದ ಕಾರಣ ಶಾಲೆಯ ಮೆಟ್ಟಿಲು ಹತ್ತದ ಮಾಮಂದಿರಿಗೂ ಆ ಪ್ರಶ್ನೆ ಬಾಯಿಪಾಠವಾಗಿತ್ತು.

ಈಗ ಅದೇ ಮನೆಗಳ ಮಕ್ಕಳು ಇಂಜಿನಿಯರಿಂಗ್ ಮುಗಿಸಿ ಊರಿನ ಒಳಗೇ, ಅಂದರೆ ದೇಶದ ಒಳಗೇ, ದೊಡ್ಡ ದೊಡ್ಡ ಕಾಮಗಾರಿ ಕಂಪೆನಿಗಳಿಗೆ ಸೇರುತ್ತಿದ್ದಾರೆ. ರಸ್ತೆ, ಸೇತುವೆ, ನೀರಿನ ಪೈಪ್‌ಲೈನ್, ವಿದ್ಯುತ್ ಸ್ಥಾವರ. ಕಂಪೆನಿಯ ಹೆಸರು ಕೇಳಿದರೆ ಸಾಕು, ಮನೆಯವರು ಖುಷಿಯಲ್ಲಿ ನೆರೆಮನೆಗೆ ಸ್ವೀಟ್ ಹಂಚುತ್ತಾರೆ. ಹಳೆಯ ಆ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುತ್ತಿಲ್ಲ. ಯರಗೇರಾಕ್ಕೆ ಹೋಗಿ ಬಂದ ಮೇಲೆ ನಮಗೆ ಅನಿಸಿದ್ದು, ಕೇಳಲೇಬೇಕು ಎಂದು.

ಯರಗೇರಾ ಎಂದರೆ ನಮ್ಮ ಓದುಗರಲ್ಲಿ ಹಲವರಿಗೆ ಯರಮರಸ್ ನೆನಪಾಗಬಹುದು. ಎರಡೂ ರಾಯಚೂರಿನ ಪಕ್ಕದಲ್ಲೇ ಇವೆ, ಆದರೆ ಒಂದು ನಗರದ ಆಚೆ, ಇನ್ನೊಂದು ಈಚೆ. ಯರಮರಸ್‌ನಲ್ಲಿ ಇರುವುದು 800 ಮೆಗಾವ್ಯಾಟ್‌ನ ಎರಡು ಘಟಕಗಳ ಶಾಖೋತ್ಪನ್ನ ಸ್ಥಾವರ. ಯರಗೇರಾ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ರಾಯಚೂರಿನ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಇರುವುದು ಇಲ್ಲಿ. ಸುತ್ತ ಕರಿಮಣ್ಣು, ಹತ್ತಿ, ಮೆಣಸಿನಕಾಯಿ. ಬಿಸಿಲಿನ ಬಗ್ಗೆ ಹೇಳುವುದೇ ಬೇಡ. ಕರಾವಳಿಯವರಾದ ನಾವು ಬೆವರಿಗೆ ಹೆದರುವವರಲ್ಲ, ಆದರೆ ಇಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಬಂದ ಹಾಗೆ ಒಣಗಿ ಹೋಗುತ್ತದೆ.

ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆಯೊಂದರಲ್ಲಿ ನಮ್ಮ ಕಡೆಯ ಮೂವರು ಹುಡುಗರು ಇದ್ದರು. ಒಬ್ಬ ಬಂಟ್ವಾಳದವ, ಒಬ್ಬ ಪುತ್ತೂರಿನ ಕಡೆಯವ, ಇನ್ನೊಬ್ಬ ಕುಂದಾಪುರದವ. ಮೂವರೂ ಒಂದೇ ಸೈಟಿಗೆ ಹೋಗುತ್ತಾರೆ, ಒಂದೇ ಜೀಪಿನಲ್ಲಿ. ಮೂವರ ಬಿಳಿ ಹೆಲ್ಮೆಟ್ಟಿನ ಮೇಲೆ ಇರುವುದೂ ಒಂದೇ ಕಂಪೆನಿಯ ಗುರುತು. ಊರಿನಲ್ಲಿ ಮೂವರ ಉಮ್ಮಂದಿರೂ ಹೇಳುವುದು ಒಂದೇ ಹೆಸರು.

ನಿಜ ಬೇರೆ. ಬಂಟ್ವಾಳದವ ಕಂಪೆನಿಯ ಸ್ವಂತ ನೌಕರ, ಟ್ರೈನಿಯಾಗಿ ಸೇರಿ ಕನ್‌ಫರ್ಮ್ ಆದವ. ಪುತ್ತೂರಿನವನಿಗೆ ಸಂಬಳ ಕೊಡುವುದು ಬೇರೆ ಊರಿನ ಒಂದು ಮ್ಯಾನ್‌ಪವರ್ ಏಜೆನ್ಸಿ. ಅವನ ಕರಾರು 11 ತಿಂಗಳದ್ದು, ಮುಗಿದಾಗ ಮತ್ತೆ ಬರೆಯುವುದು. ಕುಂದಾಪುರದವ ಇರುವುದು ಸಬ್ ಕಾಂಟ್ರ್ಯಾಕ್ಟರನ ಕೆಳಗೆ. ಅವನಿಗೆ ನೇಮಕಾತಿ ಪತ್ರ ಎಂಬುದೇ ಇಲ್ಲ. ವಾಟ್ಸ್ಆ್ಯಪಿನಲ್ಲಿ ಬಂದ ಒಂದು ಸಂದೇಶ ಇದೆ. ಜ್ವರ ಬಂದು ಮಲಗಿದರೆ ಒಬ್ಬನಿಗೆ ಮೆಡಿಕಲ್ ಕಾರ್ಡ್ ಇದೆ, ಒಬ್ಬನಿಗೆ ರಜೆ ಇದೆ ಆದರೆ ಸಂಬಳ ಇಲ್ಲ, ಒಬ್ಬನಿಗೆ ಎರಡೂ ಇಲ್ಲ. ಗಲ್ಫಿನ ಭಾಷೆಯಲ್ಲೇ ಹೇಳುವುದಾದರೆ ಒಬ್ಬ ಡೈರೆಕ್ಟ್, ಇಬ್ಬರು ಸಪ್ಲೈ. ಯರಗೇರಾದ ಒಂದೇ ಮನೆಯೊಳಗೆ ಅರ್ಧ ಜುಬೈಲ್ ಇತ್ತು.

ಇದು ಒಂದು ಕಂಪೆನಿಯ ಕತೆಯಲ್ಲ, ಈ ಉದ್ಯಮ ನಡೆಯುವ ರೀತಿಯೇ ಹಾಗೆ. ದೊಡ್ಡ ಕಂಪೆನಿ ಟೆಂಡರ್ ಹಿಡಿಯುತ್ತದೆ. ಅಗೆಯುವುದು ಒಬ್ಬನಿಗೆ, ಕಬ್ಬಿಣ ಕಟ್ಟುವುದು ಒಬ್ಬನಿಗೆ, ಸೆಂಟ್ರಿಂಗ್ ಮತ್ತೊಬ್ಬನಿಗೆ ಹಂಚುತ್ತದೆ. ಅವರು ಮೇಸ್ತ್ರಿಗಳನ್ನು ಹಿಡಿಯುತ್ತಾರೆ, ಮೇಸ್ತ್ರಿ ಅಡ್ವಾನ್ಸ್ ಕೊಟ್ಟು ಆಳುಗಳನ್ನು ತರುತ್ತಾನೆ. ದುಡ್ಡು ಮೇಲಿನಿಂದ ಕೆಳಗೆ ಬರಬೇಕು. ಕೆಲಸದ ಅಳತೆ ಆಗಬೇಕು, ರನ್ನಿಂಗ್ ಬಿಲ್ ಬರೆಯಬೇಕು, ಇಲಾಖೆ ಅದನ್ನು ಪಾಸು ಮಾಡಬೇಕು. ಅಲ್ಲಿ ತಡವಾದರೆ ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬ ತನ್ನ ಕೈ ಬಿಗಿ ಹಿಡಿಯುತ್ತಾನೆ. ಸರಕಾರದಿಂದ ಬಾಕಿ ಇರುವ ಬಿಲ್‌ಗಳ ಬಗ್ಗೆ ರಾಜ್ಯದ ಗುತ್ತಿಗೆದಾರರ ಸಂಘ ಸರಕಾರ ಬದಲಾದರೂ ಬೊಬ್ಬೆ ಹಾಕುತ್ತಲೇ ಇದೆ. ಪೇಪರಿನಲ್ಲಿ ಅದು ಗುತ್ತಿಗೆದಾರರ ಸುದ್ದಿಯಾಗಿ ಬರುತ್ತದೆ. ಕೆಳಗಿನ ಮೆಟ್ಟಿಲಿನಲ್ಲಿ ಅದು ಒಬ್ಬನ ಮನೆಯ ಅಕ್ಕಿ.

ರಾಯಚೂರಿಗೆ ಇದು ಹೊಸತಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, 1,720 ಮೆಗಾವ್ಯಾಟ್. ಯರಮರಸ್‌ನ ಸ್ಥಾವರ ಕೆಪಿಸಿ ಮತ್ತು ಬಿಎಚ್ಇಎಲ್ ಸೇರಿ ಮಾಡಿದ ಕಂಪೆನಿಯದ್ದು. ನಲವತ್ತು ವರ್ಷಗಳಿಂದ ಇಲ್ಲಿನವರು ಕಂಪೆನಿ ಕೆಲಸಗಾರ ಬೇರೆ, ಕಂಪೆನಿಯಲ್ಲಿ ಕೆಲಸ ಮಾಡುವವ ಬೇರೆ ಎಂಬುದನ್ನು ನೋಡುತ್ತಾ ಬಂದಿದ್ದಾರೆ. ಭೂಮಿ ಕೊಟ್ಟವರು ಕಾಯಂ ಕೆಲಸಕ್ಕಾಗಿ ಧರಣಿ ಕೂತದ್ದೂ ಇದೇ ಕಾರಣಕ್ಕೆ. ಗುತ್ತಿಗೆ ಕೆಲಸ ಎಂದರೆ ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲಸದ ಹೊತ್ತು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ಕೆಲಸಕ್ಕೆ ಕರೆಯಲಾಗದ್ದಕ್ಕೆ ಬೇಸರ ಇದೆ ಎಂಬರ್ಥದ ಮಾತು ಆಡಿದ್ದು ದೇಶದ ತುಂಬಾ ಚರ್ಚೆಯಾಯಿತು. ಪೇಟೆಯ ಆಫೀಸಿನವರಿಗೆ ಅದು ಆಘಾತ. ಯರಗೇರಾದ ಹುಡುಗರಿಗೆ ನಗು ಬಂತಂತೆ. ಬೇಸಗೆಯಲ್ಲಿ ಹಗಲು ಕಾಂಕ್ರೀಟ್ ಹಾಕಿದರೆ ನೀರು ಬೇಗ ಆರಿ ಬಿರುಕು ಬಿಡುತ್ತದೆ ಎಂದು ದೊಡ್ಡ ಪೋರ್ ಎಲ್ಲ ರಾತ್ರಿ. ರಾತ್ರಿ ಮೂರು ಗಂಟೆಗೆ ಮುಗಿಸಿ ಬಂದವ ಬೆಳಿಗ್ಗೆ ಎಂಟಕ್ಕೆ ಮತ್ತೆ ದಿನದ ವರದಿ ಕಳುಹಿಸಬೇಕು. ಭಾನುವಾರ ಎಂಬುದು ಕ್ಯಾಲೆಂಡರಿನಲ್ಲಿ ಮಾತ್ರ. ಶುಕ್ರವಾರ ಜುಮಾಕ್ಕೆ ಊಟದ ಹೊತ್ತಿನಲ್ಲಿ ಓಡಿ ಬರುತ್ತಾರೆ, ಅದಕ್ಕೆ ಯಾರೂ ಅಡ್ಡಿ ಮಾಡಿಲ್ಲ ಎಂಬುದನ್ನೂ ಹೇಳಬೇಕು.

ಅದೇ ಮುಖ್ಯಸ್ಥರು ಮರುತಿಂಗಳು ಚೆನ್ನೈಯಲ್ಲಿ ಆಡಿದ ಇನ್ನೊಂದು ಮಾತು ಅಷ್ಟು ಚರ್ಚೆ ಆಗಲಿಲ್ಲ. ನಮ್ಮ ಪ್ರಕಾರ ಹೆಚ್ಚು ಮುಖ್ಯವಾದದ್ದು ಅದು. ಕಂಪೆನಿಯಲ್ಲಿ ಸಿಬ್ಬಂದಿ ಎರಡೂವರೆ ಲಕ್ಷ, ಕಾರ್ಮಿಕರು ನಾಲ್ಕು ಲಕ್ಷ. ಕಾರ್ಮಿಕರು ವರ್ಷಕ್ಕೆ ಮೂರು ನಾಲ್ಕು ಸಲ ಬದಲಾಗುತ್ತಾರೆ, ಸರಕಾರದ ಯೋಜನೆಗಳ ಸುಖದಿಂದ ಜನ ಊರು ಬಿಟ್ಟು ಬರಲು ಒಪ್ಪುತ್ತಿಲ್ಲ ಎಂದರು. ಊರು ಬಿಡಲು ಒಪ್ಪುವುದಿಲ್ಲವಂತೆ! ದೇವದುರ್ಗ, ಮಾನ್ವಿಯ ಹಳ್ಳಿಗಳನ್ನು ಒಮ್ಮೆ ನೋಡಬೇಕಿತ್ತು. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ, ಮುದುಕರನ್ನೂ ಮಕ್ಕಳನ್ನೂ ಬಿಟ್ಟು ಬೆಂಗಳೂರಿಗೆ ಗುಳೆ ಹೋಗುವವರು ಇವರು. ಗುಳೆ ಹೋದ ಕಡೆ ಪಗಾರ ಸಿಗುತ್ತದೆಯೋ ಇಲ್ಲವೋ ಎಂಬ ಭಯಕ್ಕೆ ವಾಪಸ್ ಬರುವವರನ್ನೂ ಆಲಸಿಗಳ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ಈ ಸೈಟಿನಲ್ಲಿ ಬಿಹಾರ, ಜಾರ್ಖಂಡ್‌ನವರು ಕ್ಯಾಂಪಿನಲ್ಲಿ ಇದ್ದಾರೆ. ಸ್ಥಳೀಯರು ಬಿತ್ತನೆಗೂ ಜಾತ್ರೆಗೂ ಊರಿಗೆ ಹೋಗುತ್ತಾರೆ ಎಂದು ಕಂಪೆನಿಗಳಿಗೆ ದೂರದವರೇ ಇಷ್ಟ. ಆದರೂ ದೇವದುರ್ಗದ ಕಡೆಯ ಒಂದು ಗ್ಯಾಂಗ್ ಇತ್ತು, ಗಂಡ ಹೆಂಡತಿ ಜೋಡಿಯಾಗಿ ಬಂದವರು. ಅವರಿಗೆ ಎರಡು ತಿಂಗಳ ಪಗಾರ ಬಾಕಿ. ಕೇಳುವುದು ಯಾರನ್ನು? ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಸಬ್ ಕಾಂಟ್ರ್ಯಾಕ್ಟರ್ ಹೈದರಾಬಾದಿನಲ್ಲಿ. ಕಂಪೆನಿಯ ಮ್ಯಾನೇಜರ್ ಎಸಿ ಕೋಣೆಯಲ್ಲಿ. ಕಣ್ಣ ಮುಂದೆ ದಿನಾ ನಿಲ್ಲುವವ ಕುಂದಾಪುರದ ಹುಡುಗ. "ಸರ, ನಿಮ್ ಕಂಪ್ನಿ ಹೆಸರು ಭಾಳ ದೊಡ್ಡದೈತ್ರಿ, ನಮ್ ಪಗಾರ ಯಾವಾಗ್ರಿ?" ಎಂದು ಕೇಳಿದರು. ಅವನಿಗೂ ಆ ತಿಂಗಳ ಸಂಬಳ ಬಂದಿರಲಿಲ್ಲ. "ನಾಳೆ ನೋಡುವ" ಎಂದ. ಅವನ ಮಂಗಳೂರು ಕನ್ನಡಕ್ಕೆ ಅವರು ಯಾವಾಗಲೂ ನಗುತ್ತಿದ್ದರಂತೆ. ಆ ದಿನ ಯಾರೂ ನಗಲಿಲ್ಲ.

ಬಿಳಿ ಹೆಲ್ಮೆಟ್ ಹಾಕಿದವನಿಗೆ ಇರುವ ನಿಜವಾದ ಅಪಾಯ ಇದು. 2018ರ ಕೊನೆಗೆ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹ ಸಾಲದಲ್ಲಿ ಮುಳುಗಿದಾಗ ಇಥಿಯೋಪಿಯಾದ ರಸ್ತೆ ಕಾಮಗಾರಿಯಲ್ಲಿದ್ದ ಏಳು ಭಾರತೀಯ ನೌಕರರನ್ನು ಸಂಬಳ ಸಿಗದ ಅಲ್ಲಿನ ಕೆಲಸಗಾರರು ಕೂಡಿ ಹಾಕಿದ್ದರು. ಆ ಏಳು ಮಂದಿ ಸಾಲ ಮಾಡಿದವರಲ್ಲ, ಸಂಬಳ ತಡೆದವರೂ ಅಲ್ಲ. ಕೈಗೆ ಸಿಕ್ಕಿದವರು. ಹೆಸರು ದೊಡ್ಡದಾದರೆ ಭಯವಿಲ್ಲ ಎಂದು ತಿಳಿದವರು 2016ರ ಜಿದ್ದಾವನ್ನೂ ನೆನಪಿಸಿಕೊಳ್ಳಬೇಕು. ಸೌದಿ ಓಜರ್‌ಗಿಂತ ದೊಡ್ಡ ಹೆಸರು ಬೇಕಿತ್ತೇ? ತಿಂಗಳುಗಟ್ಟಲೆ ಸಂಬಳವಿಲ್ಲದೆ ಕ್ಯಾಂಪಿನಲ್ಲಿದ್ದವರಿಗೆ ಭಾರತೀಯ ಕಾನ್ಸುಲೇಟ್ ಊಟ ಹಂಚಬೇಕಾಯಿತು, ಕೇಂದ್ರ ಸಚಿವರು ಹೋಗಿ ಬರಬೇಕಾಯಿತು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕಾರ್ಮಿಕ ಸಂಘಟನೆಗಳು ಅವನ್ನು ವಿರೋಧಿಸಿವೆ, ಅದಕ್ಕೆ ಕಾರಣಗಳೂ ಇವೆ. ಗುತ್ತಿಗೆ ಕಾರ್ಮಿಕರ ನಿಯಮ ಮೊದಲು 20 ಜನ ಇದ್ದ ಗುತ್ತಿಗೆದಾರನಿಗೂ ಅನ್ವಯವಾಗುತ್ತಿತ್ತು, ಈಗ 50 ಜನ ಇರಬೇಕು. ಸಣ್ಣ ಸಣ್ಣ ಗ್ಯಾಂಗ್ ಮಾಡಿ ತಪ್ಪಿಸಿಕೊಳ್ಳುವ ಬುದ್ಧಿ ಮೇಸ್ತ್ರಿಗಳಿಗೆ ಯಾರೂ ಕಲಿಸಬೇಕಿಲ್ಲ. ಇನ್ನೊಂದು ಸಂಗತಿ ನಮ್ಮ ಇಂಜಿನಿಯರ್ ಮಕ್ಕಳಿಗೆ ಗೊತ್ತೇ ಇಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಕಾರ್ಮಿಕನೇ ಅಲ್ಲ. ಕೆಲಸದಿಂದ ತೆಗೆದರೆ ಕಾರ್ಮಿಕರಿಗೆ ಇರುವ ದಾರಿ ಅವನಿಗಿಲ್ಲ. ಮ್ಯಾನೇಜರ್ ಅಲ್ಲ, ಕಾರ್ಮಿಕನೂ ಅಲ್ಲ.

ಆದರೆ ಹಿಡಿದುಕೊಳ್ಳಲು ಕೆಲವು ಕೊಂಬೆಗಳಿವೆ. ನೇಮಕಾತಿ ಪತ್ರ ಕೊಡುವುದು ಈಗ ಕಡ್ಡಾಯ. ತಿಂಗಳ ಸಂಬಳ ಮರುತಿಂಗಳ ಏಳನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟರೂ, ಬಿಡಿಸಿದರೂ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ನಿಗದಿತ ಅವಧಿಯ ಕರಾರಿನವರಿಗೆ ಗ್ರಾಚ್ಯುಟಿಗೆ ಐದು ವರ್ಷ ಬೇಕಿಲ್ಲ, ಒಂದು ವರ್ಷ ಸಾಕು. ಹಾಗಾದರೆ ಪುತ್ತೂರಿನವನ ಕರಾರು 12 ಬಿಟ್ಟು 11 ತಿಂಗಳಿಗೆ ಯಾಕೆ ನಿಲ್ಲುತ್ತದೆ? ಉತ್ತರ ಓದುಗರೇ ಊಹಿಸಬಹುದು. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲಕ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ. ದೇವದುರ್ಗದ ಗ್ಯಾಂಗಿನವರು ಮೇಸ್ತ್ರಿಯ ಫೋನಿಗೆ ಕಾಯಬೇಕಿಲ್ಲ, ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು. ಆದರೆ ಅವರು ಅಲ್ಲಿ ಕೆಲಸ ಮಾಡಿದರು ಎಂಬುದಕ್ಕೆ ಸಾಕ್ಷಿ ಬೇಕು. ಹಾಜರಿ ಪುಸ್ತಕ ಯಾರ ಕೈಯಲ್ಲಿದೆ? ನಮ್ಮ ಹುಡುಗನ ಕೈಯಲ್ಲಿ.

ಇಲ್ಲಿಯೇ ಒಂದು ಮಾತು ಹೇಳಬೇಕು, ಸ್ವಲ್ಪ ಖಾರವಾದರೂ ಸರಿ. ಸೈಟ್ ಇಂಜಿನಿಯರನ ಕೆಲಸದಲ್ಲಿ ಅರ್ಧ ಸಹಿ. ಕಾಂಕ್ರೀಟ್ ಹಾಕುವ ಮುಂಚೆ ಕಬ್ಬಿಣ ಸರಿ ಇದೆ ಎಂದು ಸಹಿ, ಎತ್ತರದಲ್ಲಿ ಕೆಲಸಕ್ಕೆ ಅನುಮತಿ ಪತ್ರಕ್ಕೆ ಸಹಿ, ಏಳು ದಿನದ ಮತ್ತು 28 ದಿನದ ಕ್ಯೂಬ್ ಟೆಸ್ಟಿಗೆ ಸಹಿ, ಆಳುಗಳ ಹಾಜರಿಗೆ ಸಹಿ. ಅವಸರದಲ್ಲಿ ನೋಡದೆ ಹಾಕಿಸಿಕೊಳ್ಳುವವರು ಇದ್ದಾರೆ. "ಎಲ್ರೂ ಹಾಕ್ತಾರೆ ಮಾರಾಯ, ನೀನು ಹಾಕು" ಎಂದು. ಏನಾದರೂ ಕುಸಿದು ಬಿದ್ದರೆ, ಯಾರಾದರೂ ಬಿದ್ದು ಸತ್ತರೆ, ಪೊಲೀಸರು ಮೊದಲು ತೆಗೆಯುವುದು ಆ ಕಾಗದ. ಅದರಲ್ಲಿ ಏಜೆನ್ಸಿಯ ಹೆಸರೂ ಇರುವುದಿಲ್ಲ, ಮ್ಯಾನೇಜರನ ಹೆಸರೂ ಇರುವುದಿಲ್ಲ. ಇಪ್ಪತ್ಮೂರು ವರ್ಷದ ಹುಡುಗನ ಸಹಿ ಇರುತ್ತದೆ. ಮೂವರಲ್ಲಿ ಇಬ್ಬರು ನೋಡದೆ ಸಹಿ ಹಾಕಿದ್ದನ್ನು ನಮ್ಮ ಮುಂದೆ ಒಪ್ಪಿಕೊಂಡರು. ಬೈಯಲು ಮನಸ್ಸಾಯಿತು, ಬೈದೆವು ಕೂಡಾ.

ಇಷ್ಟು ಹೇಳಿ, ಮಕ್ಕಳನ್ನು ಕಳುಹಿಸಬೇಡಿ ಎನ್ನುವುದು ನಮ್ಮ ಉದ್ದೇಶವಲ್ಲ. ಕರಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದನ್ನು ಪುಸ್ತಕದಲ್ಲಿ ಓದಿದವ ಇಲ್ಲಿ ಅದರ ಮೇಲೆ ರಸ್ತೆ ನಿಲ್ಲಿಸುವುದು ಹೇಗೆಂದು ಕೈಯಾರೆ ಕಲಿಯುತ್ತಾನೆ. ಬಂಟ್ವಾಳದ ಹುಡುಗ ಎರಡು ವರ್ಷದಲ್ಲಿ ಕಲಿತದ್ದನ್ನು ವಿವರಿಸುವಾಗ ಅವನ ಮುಖ ನೋಡಬೇಕಿತ್ತು. ಮೂರು ವರ್ಷ ಇಂಥ ಕಂಪೆನಿಯಲ್ಲಿ ನಿಂತವನಿಗೆ ಗಲ್ಫಿನ ಬಾಗಿಲೂ ಸುಲಭ. ಆದರೆ ಆ ಅನುಭವ ಪತ್ರ ಯಾರ ಲೆಟರ್‌ಹೆಡ್ಡಿನಲ್ಲಿ ಬರುತ್ತದೆ? ಪುತ್ತೂರಿನವನಿಗೆ ಕೊಡುವವರು ಏಜೆನ್ಸಿಯವರು. ಕುಂದಾಪುರದವನಿಗೆ ಕೊಡುವವರೇ ಇಲ್ಲ.

ಮನೆಯವರು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಹುಡುಗನ ಪಿಎಫ್ ಪಾಸ್‌ಬುಕ್ ತೆಗೆಸಿ. ಯುಎಎನ್ ನಂಬರ್ ಇದ್ದರೆ ಮೊಬೈಲಿನಲ್ಲೇ ಸಿಗುತ್ತದೆ. ಸಂಸ್ಥೆಯ ಹೆಸರು ಎಂಬಲ್ಲಿ ಏನಿದೆಯೋ ಅದೇ ಅವನ ಕಂಪೆನಿ, ಹೆಲ್ಮೆಟ್ಟಿನ ಮೇಲಿನದ್ದಲ್ಲ. ಪಾಸ್‌ಬುಕ್ಕೇ ಇಲ್ಲವಾದರೆ ಉತ್ತರ ಇನ್ನೂ ಸ್ಪಷ್ಟ.

ಕುಂದಾಪುರದ ಹುಡುಗ ನಾವು ಹೊರಡುವ ಮೊದಲು ಒಂದು ಕೆಲಸ ಮಾಡಿದ. ದೇವದುರ್ಗದ ಗ್ಯಾಂಗಿನ ಎರಡು ತಿಂಗಳ ಹಾಜರಿಯ ಹಾಳೆಗಳ ಫೋಟೋ ತೆಗೆದು ಅವರಲ್ಲಿ ಓದು ಬಲ್ಲ ಒಬ್ಬಳಿಗೆ ಕಳುಹಿಸಿದ. 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಇದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಮಾಡಿಸಬಹುದು, ಮಕ್ಕಳ ಓದಿಗೆ ಸಹಾಯ ಸಿಗುತ್ತದೆ ಎಂದು ನಾವು ಹೇಳಿದ್ದನ್ನೂ ಅವರಿಗೆ ದಾಟಿಸಿದ. ಆಮೇಲೆ ಊರಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಉಮ್ಮ ಕೇಳುತ್ತಿದ್ದರು, ಊಟ ಆಯಿತಾ, ಸಂಬಳ ಬಂತಾ ಎಂದು. ಹಿಂದಿನಿಂದ ಯಾರೋ ವಯಸ್ಸಾದವರ ದನಿ, ಬಹುಶಃ ಗಲ್ಫಿನಲ್ಲಿದ್ದು ಬಂದ ಮಾಮ: "ಅವನ ಹತ್ರ ಕೇಳು, ಅದು ಕಂಪೆನಿಯದ್ದಾ, ಸಪ್ಲೈಯಾ?"

ಹುಡುಗ ನಮ್ಮ ಮುಖ ನೋಡಿದ. "ಸಪ್ಲೈ, ಮಾಮ" ಎಂದ.