ಏಳನೇ ಕ್ಲಾಸಿನವನ ಅಡಿಕೆಗೆ ಧಾರಣೆ ಕಡಿಮೆ ಯಾಕೆ?

ಅಡಿಕೆ ಸುಲಿದು ಗೋಣಿಗೆ ತುಂಬುವ ಹೊತ್ತಿಗೆ ನಮ್ಮ ಪುತ್ತಿಗೆ ಕಡೆಗೆ ಎರಡು ನಮೂನೆಯ ಜನ ಬರುತ್ತಾರೆ. ಒಂದು, ಅಡಿಕೆ ವ್ಯಾಪಾರಿಗಳು. ಇನ್ನೊಂದು, ಎಂ.ಬಿ.ಎ., ಎಂ.ಕಾಂ. ಓದುವ ಮಕ್ಕಳು, ಕೈಯಲ್ಲಿ ಪ್ರಶ್ನಾವಳಿ ಹಿಡಿದುಕೊಂಡು. ವ್ಯಾಪಾರಿ ಒಂದೆರಡು ಅಡಿಕೆ ತುಂಡು ಮಾಡಿ ಒಳಗೆ ಎಂತ ಉಂಟು ಎಂದು ನೋಡಿ ಆಮೇಲೆ ಬೆಲೆ ಹೇಳುತ್ತಾನೆ. ಮಕ್ಕಳು ಯಾವುದನ್ನೂ ತುಂಡು ಮಾಡಿ ನೋಡುವುದಿಲ್ಲ. ಕಾಗದದಲ್ಲಿ ಗುರುತು ಹಾಕಿ, ಚಾ ಕುಡಿದು ಹೋಗುತ್ತಾರೆ. ಆ ಗುರುತುಗಳು ಕಂಪ್ಯೂಟರಿಗೆ ಹೋಗಿ, ರಿಗ್ರೆಶನ್ ಎಂಬ ಲೆಕ್ಕಕ್ಕೆ ಸಿಕ್ಕಿ, ಕೊನೆಗೆ ನಮ್ಮ ಮೇಲಿನ ಒಂದು ತೀರ್ಪಾಗಿ ಹೊರಗೆ ಬರುತ್ತವೆ. ನನ್ನ ತಕರಾರು ಆ ತೀರ್ಪಿನ ಬಗ್ಗೆ.

ಹಾಗೆ ಹುಟ್ಟಿದ ಒಂದು ವರದಿ ಹೇಗೋ ನಮ್ಮ ಕೈಗೆ ಸಿಕ್ಕಿತು. ಕಾಲೇಜಿನ ಹೆಸರು ಬೇಡ. ಅದರ ಸಾರ ಇಷ್ಟು: ರೈತ ಓದಿದ ವರ್ಷ ಹೆಚ್ಚಾದ ಹಾಗೆ ಅವನಿಗೆ ಸಿಗುವ ಅಡಿಕೆ ಧಾರಣೆಯೂ ಹೆಚ್ಚು, ಆದ ಕಾರಣ ಕಡಿಮೆ ಓದಿದ ರೈತರಲ್ಲಿ ಮಾರುಕಟ್ಟೆಯ ಅರಿವು ಮೂಡಿಸಬೇಕು, ಅದಕ್ಕೆ ಶಿಬಿರ ನಡೆಸಬೇಕು. ನಾನು ಏಳನೇ ಕ್ಲಾಸು. ನನಗೆ ಶಿಬಿರ ಬೇಕಂತೆ!

ಇರಲಿ, ಕೋಪ ಬದಿಗಿಟ್ಟು ವಿಚಾರ ಮಾಡುವ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ ಕ್ಯಾಂಪ್ಕೋ ಕಟ್ಟಿದರು. ಅಲ್ಲಿ ತೂಕದ ಹತ್ತಿರ ನೋಡುವುದು ಅಡಿಕೆಯನ್ನು. ಹೊಸತಾ, ಹಳತಾ, ಪಟೋರವಾ, ಕೋಕವಾ ಎಂದು ಕೇಳುತ್ತಾರೆ ಹೊರತು ನೀವು ಎಷ್ಟನೇ ಕ್ಲಾಸು ಎಂದು ಕೇಳುವುದಿಲ್ಲ. ಹಾಗಾದರೆ ಓದಿಗೂ ಧಾರಣೆಗೂ ನಂಟು ಎಲ್ಲಿಂದ ಬಂತು?

ನಮ್ಮ ವಾಚನಾಲಯಕ್ಕೆ ಬರುವ ಒಬ್ಬರು ಕಾಲೇಜು ಮಾಷ್ಟ್ರು ನನಗೆ ರಿಗ್ರೆಶನ್ ಅಂದರೆ ಎಂತ ಎಂದು ಎರಡು ಸಂಜೆ ಕೂತು ಹೇಳಿಕೊಟ್ಟರು. ಕಷ್ಟದ್ದೇನೂ ಅಲ್ಲ. ಚೌಕದ ಕಾಗದದಲ್ಲಿ ಅಡ್ಡಕ್ಕೆ ಓದಿದ ವರ್ಷ, ಉದ್ದಕ್ಕೆ ಕಿಲೋಗೆ ಸಿಕ್ಕಿದ ಕ್ರಯ. ಒಬ್ಬ ರೈತನಿಗೆ ಒಂದು ಚುಕ್ಕೆ. ಎಲ್ಲ ಚುಕ್ಕೆ ಇಟ್ಟಾದ ಮೇಲೆ ನಡುವಿನಿಂದ ಒಂದು ಗೆರೆ ಎಳೆಯುವುದು. ಪ್ರತಿ ಚುಕ್ಕೆ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಉಂಟು ಎಂದು ಅಳೆದು, ಆ ಅಂತರವನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿದಾಗ ಯಾವ ಗೆರೆಗೆ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅದೇ ಸರಿಯಾದ ಗೆರೆ. ಗುಣಿಸುವ ಕಾರಣ, ಎರಡು ಪಾಲು ದೂರ ಇರುವ ಚುಕ್ಕೆಗೆ ನಾಲ್ಕು ಪಾಲು ಬಲ. ನಲವತ್ತು ಮಂದಿ ಅರ್ಧ ಎಕರೆಯವರ ನಡುವೆ ಮೂವತ್ತು ಎಕರೆಯ ಒಬ್ಬ ಧಣಿ ಸೇರಿದರೆ, ಅವರೊಬ್ಬರೇ ಗೆರೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು.

ಈ ಗೆರೆ ಎರಡು ಸಂಗತಿ ಒಟ್ಟಿಗೆ ಏರುತ್ತವೆ ಎಂದಷ್ಟೇ ಹೇಳುತ್ತದೆ. ಒಂದು ಇನ್ನೊಂದನ್ನು ಏರಿಸಿತು ಎಂದು ಹೇಳುವುದು ವರದಿ ಬರೆದವರು. ಇಲ್ಲೇ ಮೋಸ ಆಗುವುದು.

ನಮ್ಮೂರಿನ ಯಾರನ್ನಾದರೂ ಕೇಳಿ. ಹೊಸ ಅಡಿಕೆಗಿಂತ ಒಂದು ಮಳೆಗಾಲ ಕಳೆದ ಹಳೆ ಅಡಿಕೆಗೆ ಸಾಮಾನ್ಯವಾಗಿ ಕ್ರಯ ಹೆಚ್ಚು. ಅಟ್ಟದಲ್ಲಿ ಇಟ್ಟು ಕಾದವನಿಗೆ ಲಾಭ. ಕಾಯುವುದು ಯಾರಿಗೆ ಆಗುತ್ತದೆ? ಮಗ ಗಲ್ಫಿನಲ್ಲಿದ್ದವರಿಗೆ, ಮನೆಯಲ್ಲಿ ಒಬ್ಬರು ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸದಲ್ಲಿದ್ದವರಿಗೆ. ತಿಂಗಳಾದರೆ ಸಂಬಳ ಬರುತ್ತದೆ, ಗೋಣಿ ಅಲ್ಲೇ ಇರುತ್ತದೆ. ಅಂಥ ಮನೆಗಳಲ್ಲಿ ಓದೂ ಹೆಚ್ಚು. ನನ್ನಂಥವನಿಗೆ ಜೂನ್ ಬಂದರೆ ಮಕ್ಕಳ ಶಾಲೆ ಖರ್ಚು, ಮಾಡಿನ ದುರಸ್ತಿ, ಕೊಳೆರೋಗಕ್ಕೆ ಬೋರ್ಡೋ ಬಿಡಲು ಮೈಲುತುತ್ತು, ಮರ ಹತ್ತುವವರ ಮಜೂರಿ. ಎಲ್ಲ ಒಂದೇ ಸಲ. ಅಂಗಳದಲ್ಲಿ ನಲವತ್ತು ದಿನ ಒಣಗಿಸಿದ ಅಡಿಕೆ ಸುಲಿದ ವಾರವೇ ಅಂಗಡಿಗೆ ಹೋಗುತ್ತದೆ. ಇನ್ನಾರು ತಿಂಗಳು ಇಟ್ಟರೆ ಕ್ರಯ ಬರಬಹುದು ಎಂಬ ಅರಿವು ನನಗಿಲ್ಲವೇ ಮಾರಾಯ್ರೆ? ಅರಿವಿಗೆ ಏನೂ ಕೊರತೆ ಇಲ್ಲ. ಕೈಯಲ್ಲಿ ಕಾಸಿಲ್ಲ.

ಪ್ರಶ್ನಾವಳಿಯಲ್ಲಿ ಮಾರಿದ ತಿಂಗಳು ಯಾವುದು ಎಂಬ ಪ್ರಶ್ನೆ ಇರಲಿಲ್ಲ. ಮನೆಗೆ ಬೇರೆ ಸಂಬಳ ಉಂಟಾ ಎಂಬುದೂ ಇರಲಿಲ್ಲ. ಇದ್ದಿದ್ದರೆ ಸಂಬಳ ಇರುವ ಮನೆಗಳನ್ನು ಒಂದು ಕಡೆ, ಇಲ್ಲದವನ್ನು ಇನ್ನೊಂದು ಕಡೆ ಮಾಡಿ, ಆಯಾ ಗುಂಪಿನ ಒಳಗೆ ಓದಿನಿಂದ ಕ್ರಯಕ್ಕೆ ವ್ಯತ್ಯಾಸ ಬರುತ್ತದಾ ಎಂದು ನೋಡಬಹುದಿತ್ತು. ಲೆಕ್ಕಕ್ಕೆ ಇನ್ನೊಂದು ‘ಚರ’ ಸೇರಿಸುವುದು ಅಂದರೆ ಹೆಚ್ಚು ಕಡಿಮೆ ಇದೇ ಎಂದರು ಮಾಷ್ಟ್ರು. ಕೇಳದೆ ಬಿಟ್ಟದ್ದನ್ನು ಯಾವ ಕಂಪ್ಯೂಟರೂ ಹುಡುಕಿ ಕೊಡುವುದಿಲ್ಲ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ಅರಿವಿಲ್ಲ ಎಂದು ಬರೆದರೆ ಶಿಬಿರ ಬರುತ್ತದೆ, ಒಂದು ಊಟ, ಒಂದು ಫೈಲು. ಕಾಯಲು ತ್ರಾಣವಿಲ್ಲ ಎಂದು ಬರೆದರೆ ಅಡಿಕೆಯನ್ನೇ ಈಡಿಟ್ಟುಕೊಂಡು ಕಡಿಮೆ ಬಡ್ಡಿಗೆ ಸಾಲ ಕೊಡಿ ಎಂದು ಸಹಕಾರಿ ಸಂಘದಲ್ಲಿ ಕೇಳಲು ನಮಗೊಂದು ಆಧಾರ ಸಿಗುತ್ತದೆ.

ಇನ್ನು ಪ್ರಶ್ನೆ ಕೇಳುವ ಭಾಷೆ. ಕಾಗದ ಇಂಗ್ಲಿಷಿನಲ್ಲಿ, ಹುಡುಗ ಹೇಳುವುದು ಮಲೆಯಾಳದಲ್ಲಿ, ಉತ್ತರ ಕೊಡುವ ಅಜ್ಜಿಗೆ ತುಳು ಬಿಟ್ಟರೆ ಕನ್ನಡ. “ಖರೀದಿ ವ್ಯವಸ್ಥೆ ನಿಮಗೆ ಎಷ್ಟು ತೃಪ್ತಿ? ಒಂದರಿಂದ ಐದರ ಒಳಗೆ ಹೇಳಿ.” ಅಜ್ಜಿ ಹೇಳುತ್ತಾರೆ, “ಅಡ್ಡಿ ಇಲ್ಲ.” ಈ ಅಡ್ಡಿ ಇಲ್ಲ ಎಷ್ಟನೇ ನಂಬ್ರ? ನಮ್ಮಲ್ಲಿ ಪಾಯಸ ಬಹಳ ಚಂದ ಆದರೂ ಅಡ್ಡಿ ಇಲ್ಲ, ಅಳಿಯ ಕುಡಿದು ಬಂದರೂ ನಾಲ್ಕು ಜನರ ಎದುರು ಅಡ್ಡಿ ಇಲ್ಲ. ಹುಡುಗ ಮೂರಕ್ಕೆ ಗುರುತು ಹಾಕಿದ. ಹೀಗೆ ಐದು ಮೆಟ್ಟಿಲಲ್ಲಿ ಮನಸ್ಸು ಅಳೆಯುವ ಪದ್ಧತಿ ತಂದದ್ದು ಲೈಕರ್ಟ್ ಎಂಬ ಅಮೆರಿಕದವರು, 1932ರಲ್ಲಿ. ಅವರು ನಮ್ಮ ಅಜ್ಜಿಯನ್ನು ಕಂಡವರಲ್ಲ, ಅವರ ತಪ್ಪಿಲ್ಲ. ಇಲ್ಲಿಯವರೇ ಆಗಿ ಅಜ್ಜಿಯ ಮಾತು ತಿಳಿಯದೆ ಬರುವುದು ತಪ್ಪು.

ನೀರಾವರಿಯ ಕಲಮಿನಲ್ಲಿ ಬಾವಿ, ಕೊಳವೆಬಾವಿ, ಹೊಳೆ, ಇತರ ಎಂದು ನಾಲ್ಕು ಮನೆ. ಸುರಂಗ ಇಲ್ಲ. ಗುಡ್ಡದ ಹೊಟ್ಟೆಗೆ ಕೈಯಲ್ಲೇ ಅಗೆದು ನೀರು ತಂದ ಊರು ನಮ್ಮದು. ಎಷ್ಟೋ ತೋಟ ಇವತ್ತಿಗೂ ಅದರ ನೀರಲ್ಲೇ ಬದುಕಿದೆ, ಒಂದು ಪೈಸೆ ಕರೆಂಟಿಲ್ಲದೆ. ಅದು ‘ಇತರ’ ಆಯಿತು. ಹಾಗೆ ಮಾಡಿದರೆ ಸುರಂಗದವನ ಖರ್ಚಿಗೂ ಮುನ್ನೂರು ಅಡಿ ಕೊರೆಸಿ ಪಂಪು ಇಟ್ಟವನ ಖರ್ಚಿಗೂ ಇರುವ ವ್ಯತ್ಯಾಸ ಹೇಗೆ ತಿಳಿಯಬೇಕು?

ನಮ್ಮವರಿಗೂ ಒಂದು ಮಾತು ಹೇಳಬೇಕು. ಆದಾಯ ಎಷ್ಟು ಎಂದು ಕೇಳಿದರೆ ನಮ್ಮವರು ರೇಶನ್ ಕಾರ್ಡನ್ನು ನೆನಪು ಮಾಡಿಕೊಂಡು ಉತ್ತರ ಕೊಡುತ್ತಾರೆ. ಇದ್ದವನು ಹೆಚ್ಚು ಅಡಗಿಸುತ್ತಾನೆ, ಇಲ್ಲದವನಿಗೆ ಅಡಗಿಸಲು ಎಂತ ಉಂಟು? ಆಗ ಗೆರೆ ಚಪ್ಪಟೆಯಾಗಿ, ಎಲ್ಲರೂ ಹೆಚ್ಚು ಕಡಿಮೆ ಸಮ ಎಂದು ತೋರಿಸುತ್ತದೆ. ಸುಳ್ಳು ಹೇಳಿ ಆಮೇಲೆ ವರದಿ ಸುಳ್ಳು ಎಂದರೆ ಆಗುವುದಿಲ್ಲ. ಲೆಕ್ಕವೇ ಬೇಡ ಎನ್ನುವವರ ಜತೆಗೂ ನಾನಿಲ್ಲ. ಪಕ್ಕದ ಎಣ್ಮಕಜೆಯಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲ ನೆನಪಿರಬೇಕು. ಡಾ. ಮೋಹನ್ ಕುಮಾರ್, ಶ್ರೀಪಡ್ರೆ ಮೊದಲಾದವರು ಅಲ್ಲಿನ ಮನೆಗಳ ಕಾಯಿಲೆಯನ್ನು ಕಂಡು ಬರೆದ ಕಾರಣ ಲೋಕಕ್ಕೆ ಗೊತ್ತಾಯಿತು. ಅದನ್ನೇ ಇಡೀ ಜಿಲ್ಲೆಯ ಸರಾಸರಿಗೆ ಹಾಕಿದ್ದರೆ ಆ ಮನೆಗಳು ಸಮುದ್ರಕ್ಕೆ ಹಾಕಿದ ಉಪ್ಪಿನ ಹಾಗೆ ಕಾಣದೆ ಹೋಗುತ್ತಿದ್ದವು.

ಸರಾಸರಿಯ ವಿಷಯ ಹಾಡುವವನಿಗೆ ಬೇಗ ತಿಳಿಯುತ್ತದೆ. ಒಬ್ಬ ಬಿಳಿ ಒಂದರಲ್ಲಿ, ಇನ್ನೊಬ್ಬ ಕಪ್ಪು ಮೂರರಲ್ಲಿ ಹಾಡಿದರೆ, ನಡುವಿನ ಶ್ರುತಿಗೆ ಹಾರ್ಮೋನಿಯಂ ಒತ್ತಿ ನೋಡಿ. ಇಬ್ಬರಿಗೂ ಸೇರದು.

1973ರಲ್ಲೇ ಆನ್ಸ್‌ಕೂಂಬ್ ಎಂಬ ಇಂಗ್ಲಿಷ್ ಪಂಡಿತರು ನಾಲ್ಕು ಪಟ್ಟಿ ಮಾಡಿ ತೋರಿಸಿದರಂತೆ. ಒಂದೊಂದರಲ್ಲಿ ಹನ್ನೊಂದು ಚುಕ್ಕೆ. ನಾಲ್ಕಕ್ಕೂ ಸರಾಸರಿ ಅದೇ, ರಿಗ್ರೆಶನ್ ಗೆರೆಯೂ ಅದೇ. ಚಿತ್ರ ಬಿಡಿಸಿದರೆ ಒಂದು ಚದರಿದ ಚುಕ್ಕೆ, ಒಂದು ಬಿಲ್ಲಿನ ಹಾಗೆ ಬಗ್ಗಿದ್ದು, ಇನ್ನೊಂದರಲ್ಲಿ ಒಂದೇ ಚುಕ್ಕೆ ಹಾದಿ ತಪ್ಪಿದ್ದು, ಮತ್ತೊಂದರಲ್ಲಿ ಹತ್ತು ಚುಕ್ಕೆ ಕಂಬದ ಹಾಗೆ ನಿಂತು ಹನ್ನೊಂದನೆಯದು ಒಂಟಿಯಾಗಿ ದೂರ. ಮಾಷ್ಟ್ರು ಅದನ್ನು ಬಿಡಿಸಿ ತೋರಿಸಿದಾಗ ನನಗೆ ಖುಷಿಯಾಯಿತು. ನಮ್ಮ ಮಕ್ಕಳು ಗುಂಡಿ ಒತ್ತುವ ಮೊದಲು ಚಿತ್ರ ಬಿಡಿಸಲಿ. ಗುಂಪು ಬಿಟ್ಟು ನಿಂತ ಚುಕ್ಕೆಯನ್ನು ಕಸ ಎಂದು ಅಳಿಸುವ ಮೊದಲು ಆ ಮನೆಗೆ ಇನ್ನೊಮ್ಮೆ ಹೋಗಿ ಬರಲಿ.

ಈ ಪುಸ್ತಕ ಓದುವ ಅಧ್ಯಾಪಕರಲ್ಲಿ ನನ್ನ ಕೇಳಿಕೆ ಒಂದುಂಟು. ನಿಮ್ಮ ಹಳೆ ವಿದ್ಯಾರ್ಥಿಗಳು ಹೀಗೆ ಸರ್ವೆಗೆ ಬರುವಾಗ ಮೊದಲು ವಾಚನಾಲಯಕ್ಕೆ ಕರೆದುಕೊಂಡು ಬನ್ನಿ. ಪ್ರಶ್ನೆಗಳನ್ನು ಕನ್ನಡದಲ್ಲೂ ತುಳುವಿನಲ್ಲೂ ನಾಲ್ಕು ಜನರ ಎದುರು ಓದಿ ನೋಡುವ, ಬಿಟ್ಟು ಹೋದದ್ದನ್ನು ಸೇರಿಸುವ. ಅರ್ಧ ದಿನದ ಕೆಲಸ. ವರದಿ ಆದ ಮೇಲೆ ಅದರ ಒಂದು ಕನ್ನಡ ಪ್ರತಿಯನ್ನು ಪೇಪರು ಇಡುವ ಮೇಜಿನ ಮೇಲೆ ತಂದಿಡಬೇಕು. ಯಾವ ತಿಂಗಳಲ್ಲಿ ಮಾರಿದೆ, ಯಾಕೆ ಮಾರಿದೆ ಎಂದು ಕೇಳಿದರೆ ನಾನು ಚೀಟಿ ಸಮೇತ ತೋರಿಸಲು ತಯಾರಿದ್ದೇನೆ. ಹತ್ತು ವರ್ಷದ ಚೀಟಿ ಪೆಟ್ಟಿಗೆಯಲ್ಲಿ ಉಂಟು.