ಯಾವುದು ಕಾಯುತ್ತದೆ?

ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ಹೈದರಾಬಾದಿನ ತಾರ್ನಾಕ ಚೌಕದ ಸುತ್ತಲಿನ ಕನ್ನಡ ಮನೆಗಳಲ್ಲೂ ಒಂದೇ ಮಾತು: ಗಣಿತದ ಎಂಪಿಸಿಯೋ, ಜೀವಶಾಸ್ತ್ರದ ಬೈಪಿಸಿಯೋ? ತೆಲಂಗಾಣದ ಇಂಟರ್, ಅಂದರೆ ಇಲ್ಲಿನ ಪಿಯುಸಿ, ಹದಿನಾರರ ಮಕ್ಕಳನ್ನು ಅಲ್ಲೇ ಇಬ್ಭಾಗ ಮಾಡುತ್ತದೆ. ಗಣಿತವನ್ನೂ ಭರತನಾಟ್ಯವನ್ನೂ ಒಂದೇ ಸಮ ಹಚ್ಚಿಕೊಂಡ ಹುಡುಗಿಗೆ ಆ ಅರ್ಜಿಯಲ್ಲಿ ಅಂಕಣವೇ ಇಲ್ಲ. ಹಿರಿಯರ ಉತ್ತರ ಮಾತ್ರ ಸಿದ್ಧ: "ಮೊದಲು ಓದು ಮುಗಿಸಮ್ಮ, ಕುಣಿಯೋದು ಆಮೇಲೆ ಇದ್ದೇ ಇದೆ."

ಇದ್ದೇ ಇರುತ್ತದೆಯೇ? ಎರಡು ದೋಣಿಯಲ್ಲಿ ಕಾಲಿಟ್ಟ ನಮ್ಮವರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ, ಉತ್ತರ ಅವರವರ ಪ್ರತಿಭೆಗಿಂತ ಆ ಹವ್ಯಾಸದ ಜಾಯಮಾನವನ್ನೇ ಹೆಚ್ಚು ಅವಲಂಬಿಸಿದಂತಿದೆ. ಕೆಲವು ಒಲವುಗಳು ಕಾಯುತ್ತವೆ, ಕೆಲವು ಕಾಯುವುದಿಲ್ಲ.

ತಾರ್ನಾಕದ ಪಕ್ಕದಲ್ಲೇ ಇರುವ ಉಸ್ಮಾನಿಯಾದಿಂದಲೇ ಶುರುಮಾಡೋಣ. 1918ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದಲ್ಲಿ ನಿಜಾಮರ ಕಾಲ ಮುಗಿಯುವವರೆಗೆ ಬೋಧನೆ ಉರ್ದುವಿನಲ್ಲಿ. ರಾಯಚೂರು, ಕಲಬುರಗಿ, ಬೀದರಿನ ಹುಡುಗರು ಇತಿಹಾಸವನ್ನೂ ಕಾನೂನನ್ನೂ ಉರ್ದುವಿನಲ್ಲಿ ಓದಿ, ಕೋಣೆಗೆ ಬಂದು ಕನ್ನಡದಲ್ಲಿ ಯೋಚಿಸಬೇಕಾಗಿತ್ತು. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಅಲ್ಲಿ ಓದಿದವರು. ಹೈದರಾಬಾದ್ ಸಂಸ್ಥಾನದ ಆಡಳಿತ ಸೇವೆ ಸೇರಿ, ಮುಂದೆ ಐಎಎಸ್ ಅಧಿಕಾರಿಯಾದರು; 'ಕಾವ್ಯಾನಂದ'ರಾಗಿ ಬರೆಯುತ್ತಲೇ ಹೋದರು. 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ಮಕ್ಕಳು ಏನಾಗಬೇಕು ಎಂಬ ಬಗ್ಗೆ ಶಾಲೆಯ ಗೋಡೆಗಳ ಮೇಲೆ ಕಾಣುವ ಪದ್ಯವೂ ಅವರದೇ. ಕಡತಗಳ ನಡುವೆಯೂ ಕವಿತೆ ಬದುಕಿತು. ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದಿಷ್ಟು ರಾತ್ರಿ.

ಗಿರೀಶ ಕಾರ್ನಾಡರದೂ ಹತ್ತಿರದ ಕತೆ, ಆದರೆ ಕೊನೆ ಬೇರೆ. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ ಆಕ್ಸ್‌ಫರ್ಡಿಗೆ ಹೋದರು. 1963ರಿಂದ ಏಳು ವರ್ಷ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ನೌಕರಿ. 'ತುಘಲಕ್' ನಾಟಕ ಬಂದದ್ದು ಆ ನೌಕರಿಯಲ್ಲಿದ್ದಾಗಲೇ, 1964ರಲ್ಲಿ. 1970ರಲ್ಲಿ ರಾಜೀನಾಮೆ ಕೊಟ್ಟರು. ಕೈಯಲ್ಲಿ ಕೃತಿ ಇಟ್ಟುಕೊಂಡು ಬಿಟ್ಟರು ಎಂಬುದನ್ನು ಅವರ ಉದಾಹರಣೆ ಕೊಡುವ ತರುಣರು ಸಾಮಾನ್ಯವಾಗಿ ಮರೆಯುತ್ತಾರೆ.

ಆಟಕ್ಕೆ ಈ ಲೆಕ್ಕ ಒಗ್ಗುವುದಿಲ್ಲ, ದೇಹಕ್ಕೆ ವಯಸ್ಸಾಗುತ್ತದೆ ಎನ್ನುತ್ತೇವೆ. ಆದರೂ ಸ್ಪಿನ್ ಬೌಲರ್ ಇ.ಎ.ಎಸ್. ಪ್ರಸನ್ನ ಇದ್ದಾರಲ್ಲ! 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಎಂಜಿನಿಯರಿಂಗ್ ಪದವಿಗಾಗಿ ಪಕ್ಕಕ್ಕೆ ಸರಿದರು. ಮತ್ತೆ ಭಾರತಕ್ಕೆ ಆಡಿದ್ದು 1967ರಲ್ಲಿ. ಒಟ್ಟು 49 ಟೆಸ್ಟ್, 189 ವಿಕೆಟ್. ಹೆಚ್ಚಿನ ವಿಕೆಟ್‌ಗಳೆಲ್ಲ ಮರಳಿದ ಮೇಲಿನವು. ಸ್ಪಿನ್ ತಡವಾಗಿ ಮಾಗುವ ವಿದ್ಯೆ, ಹಾಗಾಗಿ ಕಾದಿತು. ವೇಗದ ಬೌಲರೊಬ್ಬರು ಐದು ವರ್ಷ ಹೀಗೆ ಬಿಟ್ಟಿದ್ದರೆ ಈ ಪ್ಯಾರಾ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಪ್ರಯೋಗಾಲಯವೂ ಕಾಯುವ ಜಾತಿಯದಲ್ಲ. ತಾರ್ನಾಕದ ಆಸುಪಾಸಿನಲ್ಲೇ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಪೌಷ್ಟಿಕಾಂಶ ಸಂಸ್ಥೆ, ಜೀವಕೋಶ ಸಂಶೋಧನೆಯ ಸಿಸಿಎಂಬಿ ಎಲ್ಲ ಇವೆ. ಅಲ್ಲಿ ನಾಲ್ಕು ವರ್ಷ ಬೆಂಚು ಬಿಟ್ಟವರಿಗೆ ಉಪಕರಣ ಹೊಸದು, ವಿಧಾನ ಹೊಸದು, ಪೈಪೋಟಿಯವರೂ ಹೊಸಬರು. ಮನೆ, ಮಕ್ಕಳೆಂದು ಸಂಶೋಧನೆ ನಿಲ್ಲಿಸಿದ ಮಹಿಳೆಯರನ್ನು ಮತ್ತೆ ಕರೆತರಲು ಕೇಂದ್ರ ವಿಜ್ಞಾನ ಇಲಾಖೆ ಪ್ರತ್ಯೇಕ ಯೋಜನೆಯನ್ನೇ ಮಾಡಬೇಕಾಯಿತು. ಹೀಗಿರುವಾಗ "ಸದ್ಯಕ್ಕೆ ಹಾಡು, ಆಮೇಲೆ ರಸಾಯನಶಾಸ್ತ್ರ" ಎನ್ನುವುದು "ಸದ್ಯಕ್ಕೆ ರಸಾಯನಶಾಸ್ತ್ರ, ಆಮೇಲೆ ಕಾದಂಬರಿ" ಎಂದಷ್ಟು ಸಲೀಸಲ್ಲ.

ಬಿ.ಜಿ.ಎಲ್. ಸ್ವಾಮಿಯವರ ಹೆಸರು ಹೇಳದೆ ಬಿಟ್ಟರೆ ಓದುಗರು ಪತ್ರ ಬರೆಯುತ್ತಾರೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯವಿಜ್ಞಾನಿ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವೇ 'ಹಸುರು ಹೊನ್ನು' ಆಗಿ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಅವರಲ್ಲಿ ಒಂದು ಒಲವು ಇನ್ನೊಂದಕ್ಕೆ ಮೇವಾಯಿತು. ಅಂಥ ಯೋಗ ಎಲ್ಲರ ಜಾತಕದಲ್ಲಿ ಇರುವುದಿಲ್ಲ. ಅದನ್ನು ಮಾದರಿ ಎಂದು ಮಕ್ಕಳ ತಲೆಗೆ ಕಟ್ಟುವುದು ಅನ್ಯಾಯ.

ವ್ಯವಸ್ಥೆ ಏನಾದರೂ ಸಡಿಲಾಗಿದೆಯೇ? ಕಾಗದದ ಮೇಲೆ ಆಗಿದೆ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಅನುಮತಿ ಕೊಟ್ಟಿತು. ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು. ಬೇಕಾದರೆ ಒಂದನ್ನು ದೂರಶಿಕ್ಷಣದಲ್ಲಿ ಓದಬಹುದು. 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದ ಊರಿನವರಿಗೆ ಇದು ಅನುಕೂಲವೇ. ಆದರೆ ಇದೆಲ್ಲ ಇಂಟರ್ ದಾಟಿದ ಮೇಲಿನ ಮಾತು. ಬೆಳಗ್ಗೆ ಒಳಗೆ ಹೋದ ಮಗು 'ಸ್ಟಡಿ ಅವರ್' ಮುಗಿಸಿ ರಾತ್ರಿ ಹೊರಬರುವ ಕಾರ್ಪೊರೇಟ್ ಕಾಲೇಜಿನಲ್ಲಿ ಎರಡನೆಯ ಒಲವಿಗೆ ಸಂಜೆಯೇ ಇಲ್ಲ. ಈ ಜೂನ್‌ನಲ್ಲಿ ಸೀಟು ಹಿಡಿಯಲು ಹೊರಟ ತಂದೆತಾಯಂದಿರು ಫೀಸು ಎಷ್ಟು ಎಂದು ವಿಚಾರಿಸುವ ಮೊದಲು, ಸಂಜೆ ಎಷ್ಟು ಗಂಟೆಗೆ ಮಕ್ಕಳನ್ನು ಬಿಡುತ್ತೀರಿ ಎಂದು ಕೇಳಲಿ.