ಸರ್ಪಸುತ್ತು: ಮೊದಲ ಮೂರು ದಿನ ಕೈಬಿಡಬೇಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಊರುಗಳಲ್ಲಿ ಹಿರಿಯರೊಬ್ಬರ ಪಕ್ಕೆಯಲ್ಲಿ ಉರಿ ಶುರುವಾದರೆ ಮೊದಲಿಗೆ ಯಾರೂ ಅದನ್ನು ರೋಗವೆಂದು ಎಣಿಸುವುದಿಲ್ಲ. ಕೂತು ಬೀಡಿ ಕಟ್ಟಿದ್ದಕ್ಕೆ ಬೆನ್ನು ಹಿಡಿಯಿತು, ಅಡಿಕೆ ಮೂಟೆ ಎತ್ತಿದ್ದಕ್ಕೆ ಉಳುಕಿತು ಎಂದುಕೊಳ್ಳುತ್ತಾರೆ. ಕೆಲವು ದಿನಗಳಲ್ಲಿ ಮೈಯ ಒಂದೇ ಬದಿಗೆ ಪಟ್ಟಿಯಂತೆ ನೀರುಗುಳ್ಳೆ ಏಳುತ್ತವೆ. ಆಮೇಲೆ ಕೆಮ್ಮಣ್ಣು, ಸೊಪ್ಪಿನ ರಸ, ನಾಗದೋಷದ ಪ್ರಶ್ನೆ. ಆಸ್ಪತ್ರೆಯ ನೆನಪಾಗುವಷ್ಟರಲ್ಲಿ ಎಷ್ಟೋ ಸಲ ವಾರ ದಾಟಿರುತ್ತದೆ.

ಕಳೆದುಹೋಗಬಾರದ್ದು ಆ ವಾರವೇ. ಗುಳ್ಳೆ ಕಂಡ 72 ಗಂಟೆಯೊಳಗೆ ಅಸೈಕ್ಲೋವಿರ್‌ನಂತಹ ಮಾತ್ರೆ ಶುರುವಾದರೆ ಅದರಿಂದ ಹೆಚ್ಚು ಪ್ರಯೋಜನ.

ಬಾಲ್ಯದಲ್ಲಿ ಚಿಕನ್ ಪಾಕ್ಸ್ ತಂದ ವೈರಸ್ ಮೈಬಿಟ್ಟು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ರಕ್ತದಲ್ಲಿನ ಟಿ-ಕೋಶಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ವಯಸ್ಸು ಐವತ್ತು ದಾಟಿದಾಗ, ಸಕ್ಕರೆ ಕಾಯಿಲೆಯಿದ್ದಾಗ, ಕ್ಯಾನ್ಸರ್ ಚಿಕಿತ್ಸೆ ಅಥವಾ ಸ್ಟಿರಾಯ್ಡ್ ನಡೆಯುತ್ತಿದ್ದಾಗ ಆ ಕಾವಲು ಸಡಿಲವಾಗಬಹುದು. ಆಗ ವೈರಸ್ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ.

ಹೆಡೆಯೂ ಬಾಲವೂ ಕೂಡಿದರೆ ಸಾವು ಎಂಬ ಭಯ ಊರಲ್ಲಿ ಇನ್ನೂ ಇದೆ. ಒಂದು ನರ ಮೈಯ ಒಂದು ಬದಿಯನ್ನಷ್ಟೇ ನೋಡಿಕೊಳ್ಳುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಮಧ್ಯಕ್ಕೆ ಬಂದು ನಿಲ್ಲುತ್ತವೆ. ಹೆದರಬೇಕಾದ್ದು ಬೇರೆಯದಕ್ಕೆ: ಗಾಯ ಒಣಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವ ನರದ ನೋವಿಗೆ. ರವಿಕೆಯ ಬಟ್ಟೆ ತಾಗಿದರೂ ಜೀವ ಹಿಂಡುತ್ತದೆ. ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ದೃಷ್ಟಿಗೇ ಅಪಾಯ. ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.

ನಾಗಬನಕ್ಕೆ ಹಾಲೆರೆಯುವ ನಂಬಿಕೆಯೊಂದಿಗೆ ಇಲ್ಲಿ ಯಾರ ಜಗಳವೂ ಇಲ್ಲ. ಹರಕೆ ಹೇಳಿಕೊಂಡ ದಿನವೇ ಬಂಟ್ವಾಳ ಅಥವಾ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೋ, ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರಕ್ಕೋ ಹೋಗಿಬನ್ನಿ ಎಂಬುದಷ್ಟೇ ಮನವಿ. ನಾಟಿ ಮದ್ದು ಕೊಡುವ ಹಿರಿಯರಲ್ಲೂ ಇದೇ ಕೇಳಿಕೆ: ಜನ ಮೊದಲು ಬರುವುದು ನಿಮ್ಮ ಅಂಗಳಕ್ಕೆ, ಆಸ್ಪತ್ರೆಗೆ ಕಳಿಸುವ ಮಾತೂ ನಿಮ್ಮ ಬಾಯಿಂದಲೇ ಬರಲಿ.

ಐವತ್ತು ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಬೆಲೆ ಮಾತ್ರ ಬೀಡಿ ಕಟ್ಟುವ ಕೈಗೆ ಎಟುಕುವುದಲ್ಲ. ಅದನ್ನು ಸರಕಾರಿ ಆಸ್ಪತ್ರೆಗೆ ತರಿಸಲು ಜನಪ್ರತಿನಿಧಿಗಳನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗಾದರೂ ಗುಳ್ಳೆ ಎದ್ದರೆ ಒಡೆಯದೆ, ಶುಭ್ರ ಬಟ್ಟೆ ಮುಚ್ಚಿ, ಒಣಗುವ ತನಕ ಎಳೆಮಕ್ಕಳನ್ನೂ ಚಿಕನ್ ಪಾಕ್ಸ್ ಬಾರದ ಬಸುರಿಯರನ್ನೂ ದೂರವಿಡಿ.